ಕುದುರೆ ಟ್ರೇಲರ್ ಎಳೆಯಲು ಎಂಥ ಗಾಡಿ ಬೇಕು?

2006ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಟೂರೆಗ್ ಗಾಡಿಯ ಹಿಂದೆ ಬೋಯಿಂಗ್ 747 ವಿಮಾನ ಕಟ್ಟಿ ಎಳೆಸಿತು. ಇಂಗ್ಲೆಂಡಿನ ಡನ್ಸ್‌ಫೋಲ್ಡ್ ವಿಮಾನ ನಿಲ್ದಾಣದಲ್ಲಿ ಸುಮಾರು 155 ಟನ್ ತೂಕದ ಆ ವಿಮಾನ 150 ಮೀಟರ್ ಸರಿಯಿತು. ಜನರ ನೆನಪಿನಲ್ಲಿ ಉಳಿದದ್ದು ಇಷ್ಟೇ. ಚಕ್ರ ಜಾರದಿರಲಿ ಅಂತ ಗಾಡಿಯೊಳಗೆ ನಾಲ್ಕು ಟನ್‌ಗೂ ಹೆಚ್ಚು ಉಕ್ಕು ಮತ್ತಿತರ ಭಾರ ಹೇರಿದ್ದರು, ವೇಗವೂ ಬಿರುಸು ನಡಿಗೆಗಿಂತ ತುಸು ಹೆಚ್ಚು ಅನ್ನುವಷ್ಟೇ ಇತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ರಸ್ತೆಯ ಮೇಲೆ ಅದೇ ಗಾಡಿಗೆ ಕಂಪನಿ ಕೊಟ್ಟ ಎಳೆಯುವ ಮಿತಿ 3,500 ಕಿಲೋ.

ಕುದುರೆ ಟ್ರೇಲರ್‌ಗೆ ಗಾಡಿ ಹುಡುಕುವವರು ನನ್ನನ್ನು ಮೊದಲು ಕೇಳುವುದು "ಇದು ಎಳೆಯುತ್ತಾ?" ಅಂತ. ಎಳೆಯುತ್ತದೆ. ಇವತ್ತಿನ ಯಾವ ಎಂಜಿನ್ ಆದರೂ ಎರಡು ಟನ್ನನ್ನು ಮಟ್ಟಸ ರಸ್ತೆಯಲ್ಲಿ ಎಳೆದೀತು. ಇಳಿಜಾರಿನಲ್ಲಿ ಅದನ್ನು ನಿಲ್ಲಿಸುತ್ತದೆಯೇ, ಕೊಂಡಿಯ ಮೇಲೆ ಬೀಳುವ ಭಾರ ಹೊರುತ್ತದೆಯೇ, ಪಕ್ಕದಲ್ಲಿ ದೊಡ್ಡ ಲಾರಿ ರೊಯ್ಯನೆ ಹೋದಾಗ ನೆಟ್ಟಗೆ ನಿಲ್ಲುತ್ತದೆಯೇ ಎಂದು ಕೇಳಿಕೊಂಡರೆ ಪಟ್ಟಿಯಲ್ಲಿದ್ದ ಅರ್ಧ ಗಾಡಿಗಳು ಅಲ್ಲೇ ಬಿದ್ದುಹೋಗುತ್ತವೆ. ಅದಕ್ಕೇ ಷೋರೂಮಿಗೆ ಹೋಗುವ ಮೊದಲು ಲಾಯಕ್ಕೆ ಹೋಗಿ.

ಹಂತ 1: ಕುದುರೆಯ ತೂಕ ಹಿಡಿಯಿರಿ

ಕಣ್ಣಳತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕುದುರೆಯನ್ನು ದಿನಾ ನೋಡುವವರು ಅದರ ತೂಕವನ್ನು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ತೂಗುವ ಯಂತ್ರ ಹತ್ತಿರದಲ್ಲಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲ ಹಿಂದೆ, ಜೀನಿನ ಪಟ್ಟಿ ಕಟ್ಟುವ ಜಾಗದಲ್ಲಿ ಎದೆಯ ಸುತ್ತಳತೆ ತೆಗೆಯಿರಿ. ಆಮೇಲೆ ಹೆಗಲಿನ ಮುಂಚಾಚಿನಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿ ಇರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 185, ಉದ್ದ 165 ಆದರೆ ಉತ್ತರ ಸುಮಾರು 475 ಕಿಲೋ. ಬೆಳೆದ ಕುದುರೆಗೆ ಈ ಲೆಕ್ಕ ಹತ್ತಿರ ಹತ್ತಿರ ಸರಿಹೋಗುತ್ತದೆ. ಮರಿಗಳಿಗೂ ಗಬ್ಬದ ಹೆಣ್ಣುಗಳಿಗೂ ಹೊಂದುವುದಿಲ್ಲ.

ಸವಾರಿಯ ಸಾಧಾರಣ ಕುದುರೆ 450ರಿಂದ 600 ಕಿಲೋ ತೂಗುತ್ತದೆ. ಜಿಗಿತದ ಸ್ಪರ್ಧೆಗೆ ಬೆಳೆಸುವ ದೊಡ್ಡ ತಳಿಗಳು 700ರ ತನಕ ಹೋಗುತ್ತವೆ. ಹೊರೆ ಎಳೆಯುವ ಭಾರೀ ತಳಿಗಳು ಒಂಟಿಯಾಗಿಯೇ ಟನ್ ಮುಟ್ಟುತ್ತವೆ. ಈಗಿನ ಕುದುರೆಗೆ ಮಾತ್ರ ಲೆಕ್ಕ ಹಾಕಬೇಡಿ. ಗಾಡಿ ಹತ್ತು ವರ್ಷ ಇರುತ್ತದೆ, ಅಷ್ಟರಲ್ಲಿ ಪೋನಿ (ಗಿಡ್ಡ ತಳಿಯ ಕುದುರೆ) ಓಡಿಸುವ ಮಗಳಿಗೆ ದೊಡ್ಡ ಕುದುರೆ ಬಂದಿರುತ್ತದೆ.

ಹಂತ 2: ಟ್ರೇಲರಿನ ತೂಕ, ಅದರೊಳಗಿನದೂ ಸೇರಿ

ಎರಡು ಕುದುರೆಯ ಟ್ರೇಲರ್‌ಗಳು ಖಾಲಿಯಾಗಿ ಎಷ್ಟು ತೂಗುತ್ತವೆ ಅನ್ನುವುದರಲ್ಲಿ ಬಹಳ ಅಂತರವಿದೆ. ಯುರೋಪಿನ ಹಗುರ ಮಾದರಿಗಳು 750ರಿಂದ 1,000 ಕಿಲೋ ಆಸುಪಾಸು. ಅಮೆರಿಕದ ಉಕ್ಕಿನ ಟ್ರೇಲರ್‌ಗಳು 1,500 ಮುಟ್ಟುವುದೂ ಉಂಟು, ಮುಂದುಗಡೆ ಬಟ್ಟೆ ಬದಲಿಸುವ ಕೋಣೆ ಇದ್ದರೆ ಇನ್ನೂ ಹೆಚ್ಚು. ಟ್ರೇಲರಿನ ಮೇಲೆ ಬಡಿದಿರುವ ತಗಡಿನಲ್ಲಿ ಖಾಲಿ ತೂಕವೂ ಗರಿಷ್ಠ ತೂಕವೂ ಬೇರೆ ಬೇರೆ ಬರೆದಿರುತ್ತವೆ. ಆಮೇಲೆ ಹಾಕಿಸಿದ ರಬ್ಬರ್ ಹಾಸು, ಜೀನು ಇಡುವ ಪೆಟ್ಟಿಗೆ, ಎರಡನೇ ಸ್ಟೆಪ್ನಿ ಇವೆಲ್ಲ ಆ ತಗಡಿನ ಲೆಕ್ಕದಲ್ಲಿ ಬರುವುದಿಲ್ಲ.

ನೀರಿನ ಲೆಕ್ಕ ಸುಲಭ, ಲೀಟರಿಗೆ ಒಂದು ಕಿಲೋ. 40 ಲೀಟರ್ ನೀರು, ಎರಡು ಜೀನು, ಒಣಹುಲ್ಲಿನ ಬಲೆಗಳು, ಬಕೆಟ್ಟು, ಹೊದಿಕೆ ಎಲ್ಲ ಸೇರಿದರೆ ಗೊತ್ತಿಲ್ಲದ ಹಾಗೆ 100 ಕಿಲೋ ಆಗಿಬಿಡುತ್ತದೆ.

ಒಂದು ಉದಾಹರಣೆ ಹಿಡಿಯೋಣ, ಮುಂದೆಯೂ ಇದನ್ನೇ ಬಳಸುತ್ತೇನೆ. ಖಾಲಿ ಟ್ರೇಲರ್ 1,100, ಕುದುರೆಗಳು 550 ಮತ್ತು 500, ಸಾಮಾನು 100. ಒಟ್ಟು 2,250 ಕಿಲೋ. ಗಾಡಿ ಆರಿಸುವಾಗ ಮಾತ್ರ ಟ್ರೇಲರಿನ ತಗಡಿನಲ್ಲಿರುವ ಗರಿಷ್ಠ ತೂಕವನ್ನೇ ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಎಷ್ಟೋ ದೇಶಗಳ ಚಾಲನಾ ಪರವಾನಗಿಯ ನಿಯಮಗಳೂ ಆ ದಿನ ಎಷ್ಟು ತುಂಬಿದ್ದೀರಿ ಎಂದು ಕೇಳದೆ ತಗಡಿನ ಅಂಕಿಯನ್ನೇ ನೋಡುತ್ತವೆ. ಗಾಡಿಗೆ ಮುಂಗಡ ಕೊಡುವ ಮೊದಲು ನಿಮ್ಮ ಪರವಾನಗಿ ಯಾವ ತೂಕದವರೆಗೆ ಅಂತ ತೆಗೆದು ನೋಡಿ.

ಹಂತ 3: ಗಾಡಿಯ ಪುಸ್ತಕದಲ್ಲಿ ಯಾವ ಅಂಕಿ ನೋಡಬೇಕು

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಒಂದೇ ಅಂಕಿ, ಎಳೆಯುವ ಮಿತಿ. ಕೆಲಸಕ್ಕೆ ಬರುವ ಉಳಿದ ಅಂಕಿಗಳು ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಸ್ಟಿಕ್ಕರಿನಲ್ಲಿ, ಬಾನೆಟ್ ಕೆಳಗಿನ ತಗಡಿನಲ್ಲಿ ಮತ್ತು ಯಾರೂ ಓದದ ಕೈಪಿಡಿಯಲ್ಲಿ ಇರುತ್ತವೆ.

ಎಳೆಯುವ ಮಿತಿಯಲ್ಲೇ ಎರಡು ಬಗೆ ಇದೆ. ಬ್ರೇಕ್ ಇರುವ ಟ್ರೇಲರ್‌ಗೆ ಒಂದು ಮಿತಿ, ಬ್ರೇಕ್ ಇಲ್ಲದ್ದಕ್ಕೆ ಇನ್ನೊಂದು. ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್ 750 ಕಿಲೋ ದಾಟುವಂತಿಲ್ಲ. ಎರಡು ಕುದುರೆಯ ಟ್ರೇಲರ್ ಖಾಲಿ ಇದ್ದಾಗಲೇ ಅಷ್ಟಾಗುತ್ತದೆ, ಆದ್ದರಿಂದ ಆ ಅಂಕಿ ನಮಗೆ ಬೇಡ. ಅಮೆರಿಕದಲ್ಲಿ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ರೂಪಿಸಿದ ಜೆ2807 ಎಂಬ ಮಾನದಂಡವಿದೆ. ಅದರ ಏರಿನ ಪರೀಕ್ಷೆಗೆ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಉದ್ದನೆಯ ಏರುದಾರಿಯೇ ಆಧಾರ. ಸುಡುಬಿಸಿಲಿನಲ್ಲಿ, ಎ.ಸಿ. ಹಾಕಿಕೊಂಡು, ವೇಗ ಗಂಟೆಗೆ 64 ಕಿ.ಮೀ.ಗಿಂತ ಇಳಿಯದಂತೆ ಹತ್ತಬೇಕು. ಕಟ್ಟುನಿಟ್ಟಾದ ಪರೀಕ್ಷೆಯೇ ಸರಿ. ಆದರೆ ಆಗ ಗಾಡಿಯೊಳಗೆ ಲೆಕ್ಕ ಹಿಡಿಯುವುದು ತಲಾ 68 ಕಿಲೋದ ಇಬ್ಬರನ್ನು. ನಮ್ಮ ಗಾಡಿಗಳಲ್ಲಿ ಹಾಗೆ ಹೋಗುವುದು ಯಾವಾಗ?

ಅಲ್ಲಿಂದ ಮುಂದಿನ ಅಂಕಿ ಹೊರುವ ಮಿತಿ. ಗಾಡಿಯ ಗರಿಷ್ಠ ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಅದು. ಜನ, ನಾಯಿ, ಡಿಕ್ಕಿಯ ಸಾಮಾನು, ಆಮೇಲೆ ಕೂರಿಸಿದ ಟೋ ಬಾರ್ (ಟ್ರೇಲರ್ ಕಟ್ಟಲು ಗಾಡಿಯ ಹಿಂದೆ ಹಾಕಿಸುವ ಉಕ್ಕಿನ ಕಂಬಿ) ಇವೆಲ್ಲದರ ಜೊತೆ ಟ್ರೇಲರ್ ತನ್ನ ಮೂತಿಯಿಂದ ಕೊಂಡಿಯ ಮೇಲೆ ಒತ್ತುವ ಭಾರವೂ ಇದರೊಳಗೇ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಕೆಲವು ಕೈಪಿಡಿಗಳು ಖಾಲಿ ತೂಕದಲ್ಲೇ 75 ಕಿಲೋದ ಒಬ್ಬ ಚಾಲಕನನ್ನು ಸೇರಿಸಿರುತ್ತವೆ, ಅಡಿಟಿಪ್ಪಣಿ ಓದಿ.

ಮೂರನೆಯದು ಜೋಡಿಯ ಒಟ್ಟು ತೂಕದ ಮಿತಿ, ಗಾಡಿ ಮತ್ತು ಟ್ರೇಲರ್ ಎರಡೂ ಸೇರಿ ಎಷ್ಟು ಅನ್ನುವುದು. ನಾಲ್ಕನೆಯದು ಕೊಂಡಿಯ ಮೇಲೆ ನೇರ ಕೆಳಕ್ಕೆ ಬೀಳುವ ಭಾರದ ಮಿತಿ. ಐದನೆಯದು ಹಿಂದಿನ ಆಕ್ಸಲಿನ, ಅಂದರೆ ಹಿಂದಿನ ಚಕ್ರಗಳ ಅಚ್ಚಿನ, ಮಿತಿ.

ಈಗ ಉದಾಹರಣೆಗೆ ಬನ್ನಿ. ಒಂದು ಎಸ್‌ಯುವಿ ಇದೆ ಅಂತಿಟ್ಟುಕೊಳ್ಳಿ. ಎಳೆಯುವ ಮಿತಿ 2,800 ಕಿಲೋ, ಖಾಲಿ ತೂಕ 2,350, ಗರಿಷ್ಠ ತೂಕ 3,000, ಜೋಡಿಯ ಮಿತಿ 5,400. ನಮ್ಮ ಟ್ರೇಲರ್ 2,250. ಮೇಲುನೋಟಕ್ಕೆ 550 ಕಿಲೋ ಉಳಿತಾಯ! ಈಗ ಕೂಡಿಸಿ. ಹೊರುವ ಮಿತಿ 650. ನಾಲ್ವರು ದೊಡ್ಡವರು 300, ಕೊಂಡಿಯ ಮೇಲಿನ ಭಾರ ಟ್ರೇಲರಿನ ನೂರಕ್ಕೆ ಹತ್ತರಂತೆ 225, ಟೋ ಬಾರ್ 25, ಡಿಕ್ಕಿಯಲ್ಲಿ 80. ಅಲ್ಲಿಗೆ 630. ಉಳಿದದ್ದು 20 ಕಿಲೋ, ಒಂದು ಸಾಧಾರಣ ನಾಯಿಯಷ್ಟು. ಎಳೆಯುವುದರಲ್ಲಿ ಅರ್ಧ ಟನ್ ಬಾಕಿ ಇರುವಾಗಲೇ ಹೊರುವುದರಲ್ಲಿ ಗಾಡಿ ಮುಗಿದುಹೋಯಿತು.

ಇದೇ ಗಾಡಿಗೆ 2,800 ಕಿಲೋದ ಟ್ರೇಲರ್ ಕಟ್ಟಿದರೆ ಏನಾಗುತ್ತದೆ? ಜೋಡಿಯ ಮಿತಿ 5,400ರಲ್ಲಿ 2,800 ಹೋದರೆ ಗಾಡಿಗೆ ಉಳಿಯುವುದು 2,600. ಅದರಲ್ಲಿ ಖಾಲಿ ತೂಕ 2,350. ಅಂದರೆ ಜನ ಮತ್ತು ಸಾಮಾನಿಗೆ ಇರುವುದು 250 ಕಿಲೋ, ನಾಲ್ವರು ಕೂತರೇ ಮಿತಿ ದಾಟಿತು. ಜಾಹೀರಾತು ಸುಳ್ಳು ಹೇಳಿಲ್ಲ. ಎಲ್ಲ ಮಿತಿಗಳನ್ನೂ ಒಟ್ಟಿಗೆ ಬಳಸಬಹುದು ಅಂತ ಅದು ಹೇಳಿಯೂ ಇರಲಿಲ್ಲ.

ಒಂದೇ ಹೆಸರಿನ ಗಾಡಿಯಲ್ಲೂ ಈ ಅಂಕಿಗಳು ಬೇರೆ ಬೇರೆ. ಫೋರ್ಡ್ ಎಫ್-150 ಪಿಕಪ್‌ನಲ್ಲಿ ಎಂಜಿನ್, ಹಿಂದಿನ ಆಕ್ಸಲಿನ ಹಲ್ಲುಗಳ ಅನುಪಾತ, ಕ್ಯಾಬಿನ್ನಿನ ಗಾತ್ರ ಬದಲಾದರೆ ಎಳೆಯುವ ಮಿತಿಯಲ್ಲಿ ಎರಡು ಟನ್‌ಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಚಂದದ ಚಕ್ರ, ಗಾಜಿನ ಛಾವಣಿ, ಬಿಸಿಯಾಗುವ ಸೀಟು ಎಲ್ಲ ತುಂಬಿದ ದುಬಾರಿ ಮಾದರಿ ತಾನೇ ಭಾರವಾಗಿ, ಹೊರುವ ಮಿತಿಯಲ್ಲಿ ಸಾದಾ ಮಾದರಿಗಿಂತ ಹಿಂದೆ ಬೀಳುವುದು ಮಾಮೂಲು. ಆದ್ದರಿಂದ "ನನ್ನ ಸ್ನೇಹಿತರ ಹತ್ತಿರ ಇದೇ ಗಾಡಿ ಇದೆ, ಆರಾಮಾಗಿ ಎಳೆಯುತ್ತೆ" ಅನ್ನುವ ಮಾತು ಲೆಕ್ಕಕ್ಕಿಲ್ಲ. ನೀವು ಕೊಳ್ಳುವ ಅದೇ ಗಾಡಿಯ ಬಾಗಿಲು ತೆರೆದು ಸ್ಟಿಕ್ಕರಿನ ಫೋಟೋ ತೆಗೆದುಕೊಳ್ಳಿ.

ನನ್ನ ರೂಢಿ ಏನೆಂದರೆ, ಯಾವ ಮಿತಿಯಲ್ಲೂ ನೂರಕ್ಕೆ 80–85 ದಾಟುವುದಿಲ್ಲ. ಬ್ರಿಟನ್ನಿನಲ್ಲಿ ಮನೆಗಾಡಿ (ಕ್ಯಾರವಾನ್) ಎಳೆಯುವ ಹೊಸಬರಿಗೆ ಹೇಳಿಕೊಡುವ ಇನ್ನೊಂದು ಹಳೆಯ ಲೆಕ್ಕವಿದೆ: ತುಂಬಿದ ಟ್ರೇಲರ್ ಖಾಲಿ ಗಾಡಿಯ ತೂಕದ ನೂರಕ್ಕೆ 85ರ ಒಳಗಿರಲಿ. ಅದು ಕಾನೂನಲ್ಲ, ಸಲಹೆ. ಎರಡು ಕುದುರೆ ತುಂಬಿದಾಗ ಅದನ್ನು ಪಾಲಿಸಲು 2,650 ಕಿಲೋದ ಗಾಡಿ ಬೇಕಾಗುತ್ತದೆ, ಎಲ್ಲರಿಗೂ ಆಗುವ ಮಾತಲ್ಲ. ಆದರೆ ಗಾಡಿಗಿಂತ ಟ್ರೇಲರ್ ಭಾರವಾಗಿರುವ ಜೋಡಿಯನ್ನು ಹೊಸಬರಿಗೆ ನಾನಂತೂ ಕೊಡಲಾರೆ.

ಹಂತ 4: ಕೊಂಡಿಯ ಮೇಲಿನ ಭಾರ

ಟ್ರೇಲರಿನ ಮೂತಿ ಕೊಂಡಿಯನ್ನು ತುಸು ಒತ್ತಲೇಬೇಕು. ಒತ್ತದಿದ್ದರೆ ಹಿಂಭಾಗ ಭಾರವಾಗಿ, ವೇಗ ಏರಿದಾಗ ಟ್ರೇಲರ್ ಅತ್ತಿತ್ತ ಬಾಲ ಬೀಸತೊಡಗುತ್ತದೆ. ಎಷ್ಟು ಒತ್ತಬೇಕು ಅನ್ನುವುದರಲ್ಲಿ ಎರಡು ಸಂಪ್ರದಾಯಗಳಿವೆ. ಅಮೆರಿಕದಲ್ಲಿ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15. ಯುರೋಪಿನ ಟ್ರೇಲರ್‌ಗಳಲ್ಲಿ ಆಕ್ಸಲ್ ನಡುಮಧ್ಯದ ಹತ್ತಿರ ಇರುವುದರಿಂದ ಅದಕ್ಕಿಂತ ಬಹಳ ಕಡಿಮೆ, ಸಾಮಾನ್ಯವಾಗಿ ನೂರಕ್ಕೆ 4ರಿಂದ 7. ಅಲ್ಲಿನ ಕಾರುಗಳ ಕೊಂಡಿಯ ಮಿತಿಯೂ ಅದಕ್ಕೆ ತಕ್ಕಂತೆ 75, 100, 140 ಕಿಲೋ ಹೀಗಿರುತ್ತದೆ. ಅಮೆರಿಕದ ಟ್ರೇಲರನ್ನು ಯುರೋಪಿನ ಕಾರಿಗೆ ಕಟ್ಟಿದರೆ ಎಳೆಯುವ ಮಿತಿ ಸಾಕಾದರೂ ಕೊಂಡಿ ಸಾಲುವುದಿಲ್ಲ. ಗಾಡಿ, ಟೋ ಬಾರ್, ಅದರ ತುದಿಯ ಉಕ್ಕಿನ ಗುಂಡಾದ ಟೋ ಬಾಲ್, ಆ ಗುಂಡಿನ ಮೇಲೆ ಕೂರುವ ಟ್ರೇಲರಿನ ಮೂತಿಯಾದ ಕಪ್ಲಿಂಗ್ ನಾಲ್ಕರ ಮೇಲೂ ಮಿತಿ ಕೊರೆದಿರುತ್ತದೆ. ನಾಲ್ಕರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಮನೆಯಲ್ಲೇ ಅಳೆಯುವ ಬಗೆ ಹೀಗೆ. ಟ್ರೇಲರ್ ಮಟ್ಟಸ ನೆಲದ ಮೇಲಿರಲಿ, ಚಕ್ರಗಳಿಗೆ ಅಡೆಕಲ್ಲು ಕೊಡಿ, ಕುದುರೆಯ ಬದಲು ಅಷ್ಟೇ ತೂಕದ ಮರಳು ಅಥವಾ ಮೇವಿನ ಚೀಲಗಳನ್ನು ಅದು ನಿಲ್ಲುವ ಜಾಗದಲ್ಲಿ ಜೋಡಿಸಿ. ಜೀವಂತ ಕುದುರೆಯನ್ನು ಒಳಗೆ ನಿಲ್ಲಿಸಿಕೊಂಡು, ಗಾಡಿಯಿಂದ ಬಿಚ್ಚಿದ ಟ್ರೇಲರಿನೊಂದಿಗೆ ಈ ಆಟ ಬೇಡವೇ ಬೇಡ, ಅದು ಹಿಂದಕ್ಕೆ ಸರಿದರೆ ಟ್ರೇಲರ್ ಎದ್ದುಬಿಡುತ್ತದೆ. ಭಾರ 100 ಕಿಲೋ ಒಳಗಿದ್ದರೆ ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಹಲಗೆ ಇಟ್ಟು, ಅದರ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಕಪ್ಲಿಂಗನ್ನು ನಿಧಾನವಾಗಿ ಅದರ ಮೇಲೆ ಇಳಿಸಿ. ಇಳಿಸಿದಾಗ ಕಪ್ಲಿಂಗ್, ಗಾಡಿಗೆ ಕಟ್ಟಿದಾಗ ಇರುವ ಎತ್ತರದಲ್ಲೇ ಇರಬೇಕು, ಕೆಳಗಾದರೆ ಅಂಕಿ ತಪ್ಪು ಬರುತ್ತದೆ. ಭಾರ ಹೆಚ್ಚಿದ್ದರೆ ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಇನ್ನೊಂದನ್ನು ಯಂತ್ರದ ಮೇಲೆ ಇಡಿ. ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದ ಜಾಗದ ಮೇಲೆ ಕಪ್ಲಿಂಗ್ ಇಳಿಸಿ. ಯಂತ್ರ ತೋರಿಸಿದ್ದರ ಮೂರು ಪಟ್ಟು ನಿಜವಾದ ಭಾರ. 75 ತೋರಿಸಿದರೆ 225.

ಈ 225 ಕಿಲೋ ಗಾಡಿಯ ಮೇಲೆ 225 ಆಗಿಯೇ ಕೂರುವುದಿಲ್ಲ. ಟೋ ಬಾಲ್ ಇರುವುದು ಹಿಂದಿನ ಆಕ್ಸಲಿಗಿಂತ ಆಚೆ, ಸುಮಾರು 1.2 ಮೀಟರ್ ದೂರದಲ್ಲಿ. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ನಡುವಿನ ಅಂತರ 2.8 ಮೀಟರ್ ಇದ್ದರೆ ಹಿಂದಿನ ಆಕ್ಸಲಿನ ಮೇಲೆ ಬೀಳುವುದು 321 ಕಿಲೋ, ಮುಂದಿನ ಚಕ್ರಗಳಿಂದ 96 ಕಿಲೋ ಮೇಲಕ್ಕೆದ್ದಿರುತ್ತದೆ. ಮುಂಗಾಲೆತ್ತಲು ಹೊರಟ ಕುದುರೆಯ ಹಾಗೆ ಗಾಡಿ ಹಿಂದೆ ಕುಕ್ಕರಿಸುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಟ್ರೇಲರಿನ ನೆಲ ಮುಂದಕ್ಕೆ ಬಾಗಿದರೆ ಕುದುರೆ ದಾರಿಯುದ್ದಕ್ಕೂ ಇಳಿಜಾರಿನಲ್ಲಿ ನಿಂತಂತೆ. ಗಾಳಿ ತುಂಬುವ ಸಸ್ಪೆನ್ಷನ್ ಚೀಲಗಳನ್ನು ಹಾಕಿಸಿದರೆ ಗಾಡಿ ಮಟ್ಟವಾಗಿ ಕಾಣುತ್ತದೆ, ಆದರೆ ಬಾಗಿಲಿನ ಸ್ಟಿಕ್ಕರಿನ ಅಂಕಿ ಒಂದು ಕಿಲೋ ಕೂಡ ಏರುವುದಿಲ್ಲ. ಭಾರ ಹಂಚುವ ವಿಶೇಷ ಕೊಂಡಿಗಳಿವೆ (ಹಿಚ್), ಉಪಯೋಗವೂ ಇದೆ. ಗಾಡಿಯ ಕೈಪಿಡಿ ಒಪ್ಪಬೇಕು, ಟ್ರೇಲರ್ ಮಾಡಿದವರೂ ಒಪ್ಪಬೇಕು.

ಹಂತ 5: ಈ ಸರಕು ಉಸಿರಾಡುತ್ತದೆ

ದೋಣಿ ಎಳೆಯುವವರ, ಇಟ್ಟಿಗೆ ಎಳೆಯುವವರ ಅನುಭವ ನಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಒಮ್ಮೆ ಸಿಗ್ನಲ್‌ನಲ್ಲಿ ನಿಂತಿದ್ದೆ, ಬ್ರೇಕ್ ಒತ್ತಿಕೊಂಡೇ. ಮುಂದಿನ ಲೋಟದಲ್ಲಿದ್ದ ನೀರು ತನ್ನಷ್ಟಕ್ಕೆ ತುಳುಕಿತು, ಗಾಡಿ ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ವಾಲಿತು. ಹಿಂದೆ ಕುದುರೆ ಒಂದು ಹಿಂಗಾಲಿಗೆ ವಿಶ್ರಾಂತಿ ಕೊಟ್ಟು ಇನ್ನೊಂದರ ಮೇಲೆ ನಿಂತಿತ್ತು, ಅಷ್ಟೇ. ಅದೇ ಚಲನೆ 80 ಕಿ.ಮೀ. ವೇಗದಲ್ಲಿ, ತಿರುವಿನ ನಡುವೆ, ಹೆದರಿಕೆಯಿಂದ ಆದರೆ ಎಷ್ಟಿರಬಹುದು ಅಂತ ಅವತ್ತು ಯೋಚಿಸಿದೆ. ಕುದುರೆಯ ಭಾರ ನಾಲ್ಕು ಉದ್ದ ಕಾಲುಗಳ ಮೇಲೆ ಎತ್ತರದಲ್ಲಿದೆ, ತಿರುವಿನಲ್ಲಿ ಅದು ಹೊರಗೆ ವಾಲುತ್ತದೆ, ಟ್ರೇಲರೂ ಅದರ ಜೊತೆ ವಾಲುತ್ತದೆ.

ಇದನ್ನು ತಡೆಯುವುದು ಎಂಜಿನ್ನಿನ ಶಕ್ತಿಯಿಂದ ಆಗುವ ಕೆಲಸವಲ್ಲ. ಗಾಡಿಯ ಸ್ವಂತ ತೂಕ, ಎರಡು ಆಕ್ಸಲುಗಳ ನಡುವಿನ ಅಂತರ (ವೀಲ್‌ಬೇಸ್), ಚಕ್ರಗಳ ಅಗಲ ಮತ್ತು ಗಟ್ಟಿ ಹಿಂಬದಿ ಸ್ಪ್ರಿಂಗ್ ಅದನ್ನು ಹಿಡಿಯಬೇಕು. ಉದ್ದ ವೀಲ್‌ಬೇಸಿನ ಗಾಡಿಯನ್ನು ಟ್ರೇಲರ್ ಪಕ್ಕಕ್ಕೆ ತಳ್ಳುವುದು ಕಷ್ಟ. ಮೇಲಿನ ಲೆಕ್ಕದಲ್ಲೇ 2.8 ಮೀಟರಿನ ಬದಲು 3.6 ಇದ್ದರೆ ಮುಂದಿನ ಚಕ್ರಗಳಿಂದ ಏಳುವುದು 96ರ ಬದಲು 75 ಕಿಲೋ. ಗಿಡ್ಡ ವೀಲ್‌ಬೇಸಿನ, ಎತ್ತರದ, ಎರಡು ಬಾಗಿಲಿನ ಜೀಪುಗಳು ಕೆಸರಿನಲ್ಲಿ ಹುಲಿ, ಹೆದ್ದಾರಿಯಲ್ಲಿ ಕುದುರೆ ಟ್ರೇಲರ್ ಹಿಂದೆ ಕಟ್ಟಿದರೆ ಮೈಯೆಲ್ಲ ಕಣ್ಣಾಗಿ ಓಡಿಸಬೇಕು. ನನ್ನ ಆಯ್ಕೆಯಲ್ಲಿ ಅವಕ್ಕೆ ಜಾಗವಿಲ್ಲ.

ಒಂಟಿ ಕುದುರೆ ಒಯ್ಯುವಾಗ ಅದನ್ನು ಚಾಲಕನ ಬದಿಯ ಅಂಕಣದಲ್ಲಿ, ಅಂದರೆ ರಸ್ತೆಯ ನಡುವಿನ ಕಡೆಗೆ ನಿಲ್ಲಿಸಿ. ರಸ್ತೆ ಅಂಚಿನ ಕಡೆ ಇಳಿಜಾರಾಗಿರುತ್ತದೆ, ಭಾರ ಮೇಲಿನ ಬದಿಯಲ್ಲಿದ್ದರೆ ಟ್ರೇಲರ್ ನೆಟ್ಟಗಿರುತ್ತದೆ.

ಹಂತ 6: ಎಂಜಿನ್ ಮತ್ತು ಗೇರ್

ಹಾರ್ಸ್‌ಪವರ್ ನೋಡಬೇಡಿ ಅನ್ನುವುದಿಲ್ಲ. ಅದಕ್ಕಿಂತ ಮೊದಲು ಎಂಜಿನ್ ಕಡಿಮೆ ಸುತ್ತಿನಲ್ಲಿ ಓಡುವಾಗ ಎಷ್ಟು ಟಾರ್ಕ್ (ತಿರುಗಿಸುವ ಬಲ) ಸಿಗುತ್ತದೆ ಎಂದು ನೋಡಿ. ನಿಮಿಷಕ್ಕೆ ಎರಡು ಸಾವಿರ ಸುತ್ತಿನೊಳಗೆ ಪೂರ್ತಿ ಎಳೆತ ಕೊಡುವ ಡೀಸೆಲ್ ಅಥವಾ ಟರ್ಬೊ ಪೆಟ್ರೋಲ್ ಎಂಜಿನ್ ಏರಿನಲ್ಲಿ ಕಿರುಚದೆ ಹತ್ತುತ್ತದೆ. ಎತ್ತರದ ಪ್ರದೇಶಕ್ಕೆ ಹೋಗುವವರಿಗೆ ಟರ್ಬೊ ಇನ್ನೂ ಮುಖ್ಯ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ನೂರಕ್ಕೆ ಸುಮಾರು ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ಗೇರ್‌ಬಾಕ್ಸಿನ ಮಾತಿಗೆ ಬಂದರೆ ನಾನು ಆಟೊಮ್ಯಾಟಿಕ್ ಪಕ್ಷ. ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ಪ್ಲೇಟ್ ಸುಡುವ ತಾಪತ್ರಯವಿಲ್ಲ, ಗೇರ್ ಬದಲಾಗುವಾಗ ಕುದುರೆಗೆ ಝಟಕಾ ಇಲ್ಲ. ಆದರೆ ಅದರ ಎಣ್ಣೆಗೆ ಪ್ರತ್ಯೇಕ ಕೂಲರ್ ಇರಬೇಕು. ಭಾರ ಎಳೆಯುವಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಕೊಲ್ಲುವುದು ಕಾವು. ಬೆಲ್ಟಿನ ಮೇಲೆ ಓಡುವ ಸಿವಿಟಿ ಗೇರ್‌ಬಾಕ್ಸಿನ ಕಾರುಗಳ ಎಳೆಯುವ ಮಿತಿ ಸಾಮಾನ್ಯವಾಗಿ ಚಿಕ್ಕದು, ನಮಗೆ ಸಾಲದು. ಟೋ ಅಥವಾ ಹಾಲ್ ಅಂತ ಬರೆದ ಗುಂಡಿ ಇದ್ದರೆ ಒತ್ತಿ ನೋಡಿ. ಅದು ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿದು, ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ವೇಗ ತಡೆಯುತ್ತದೆ.

ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕೇ? ಟಾರು ರಸ್ತೆಗೆ ಬೇಕಿಲ್ಲ. ಆದರೆ ಕುದುರೆಯವರು ಟ್ರೇಲರ್ ನಿಲ್ಲಿಸುವುದು ಹುಲ್ಲುಗಾವಲಿನಲ್ಲಿ. ಮಳೆ ಬಿದ್ದ ಸಂಜೆ ಮೈದಾನದಿಂದ ಹೊರಬರುವ ಆ ಐವತ್ತು ಮೀಟರಿಗಾಗಿಯೇ ಅದಕ್ಕೆ ದುಡ್ಡು ಕೊಡಬೇಕು.

ಹಂತ 7: ಬ್ರೇಕ್

ವೇಗ 80ರಿಂದ 100ಕ್ಕೆ ಏರಿದರೆ ನಿಲ್ಲಿಸಲು ಕರಗಿಸಬೇಕಾದ ಶಕ್ತಿ ನೂರಕ್ಕೆ 56 ಹೆಚ್ಚುತ್ತದೆ. ಗಾಡಿಯ ಬ್ರೇಕ್‌ಗಳು ಗಾಡಿಯನ್ನು ನಿಲ್ಲಿಸಲು ಮಾಡಿದವು, ಟ್ರೇಲರ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು.

ಯುರೋಪಿನ ಟ್ರೇಲರ್‌ಗಳಲ್ಲಿ ಒತ್ತಡದ ಬ್ರೇಕ್ ಇರುತ್ತದೆ. ಗಾಡಿ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನುಗ್ಗಿ ಕಪ್ಲಿಂಗನ್ನು ಒತ್ತುತ್ತದೆ, ಆ ಒತ್ತಡವೇ ಅದರ ಬ್ರೇಕ್ ಹಿಡಿಯುತ್ತದೆ. ಗಾಡಿಯಲ್ಲಿ ಬೇರೆ ಯಂತ್ರ ಬೇಡ. ಅಮೆರಿಕದವುಗಳಲ್ಲಿ ಹೆಚ್ಚಾಗಿ ವಿದ್ಯುತ್ ಬ್ರೇಕ್. ಅದಕ್ಕೆ ಚಾಲಕನ ಹತ್ತಿರ ಬ್ರೇಕ್ ಕಂಟ್ರೋಲರ್ ಬೇಕು. ಕಂಟ್ರೋಲರಿನಲ್ಲಿ ಎರಡು ತರ: ನೀವು ಪೆಡಲ್ ತುಳಿದ ಕೂಡಲೇ ಗೊತ್ತುಪಡಿಸಿದಷ್ಟು ಬಲಕ್ಕೆ ಏರುವ ಅಗ್ಗದ್ದು ಒಂದು, ಗಾಡಿ ಎಷ್ಟು ನಿಧಾನಿಸುತ್ತಿದೆಯೋ ಅಷ್ಟೇ ಬಲ ಕೊಡುವುದು ಇನ್ನೊಂದು. ಕುದುರೆಗೆ ಎರಡನೆಯದೇ ಬೇಕು. ಮೊದಲನೆಯದು ಮೆಲ್ಲಗೆ ನಿಲ್ಲಿಸಬೇಕಾದ ಕಡೆಯೂ ಗಕ್ಕನೆ ಹಿಡಿದು ಕುದುರೆಯ ಎದೆಯನ್ನು ಕಂಬಿಗೆ ಬಡಿಸುತ್ತದೆ. ಕಾರ್ಖಾನೆಯಲ್ಲೇ ಕಂಟ್ರೋಲರ್ ಕೂರಿಸಿದ ಗಾಡಿ ಸಿಕ್ಕರೆ ವೈರಿಂಗ್ ತಲೆನೋವು ಉಳಿಯಿತು.

ಟ್ರೇಲರ್ ಬಾಲ ಬೀಸತೊಡಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೆಟ್ಟಗೆ ಹಿಡಿಯಿರಿ. ಗಾಡಿಯ ಬ್ರೇಕನ್ನು ಜೋರಾಗಿ ತುಳಿಯಬೇಡಿ. ಕಂಟ್ರೋಲರ್ ಇದ್ದರೆ ಅದರ ಕೈಗುಂಡಿಯಿಂದ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯಬಹುದು. ಗಾಡಿ ಆರಿಸುವ ಬರಹದಲ್ಲಿ ಇದು ಯಾಕೆ ಅಂದರೆ, ಆ ಕೈಗುಂಡಿಗೆ ನಿಮ್ಮ ಕೈ ಸುಲಭವಾಗಿ ಎಟುಕುತ್ತದೆಯೇ ಎಂದು ಕೊಳ್ಳುವ ಮೊದಲೇ ಕೂತು ನೋಡಬೇಕು.

ಹಂತ 8: ಗಾಡಿಗಳ ಜಾತಿ

ಸಾಧಾರಣ ಕಾರು, ಎಸ್ಟೇಟ್ ಕಾರು: ಹಗುರ ಟ್ರೇಲರಿನಲ್ಲಿ ಒಂದು ಪೋನಿ ಅಥವಾ ಒಂದು ಸಣ್ಣ ಕುದುರೆ ಹತ್ತಿರದ ಜಾಗಕ್ಕೆ ಹೋಗಿಬರಬಹುದು, ಅಂಕಿಗಳು ಒಪ್ಪಿದರೆ. ಮಧ್ಯಮ ಎಸ್‌ಯುವಿಗಳಲ್ಲಿ ಎಳೆಯುವ ಮಿತಿ ಎರಡು ಟನ್ ಸುತ್ತಮುತ್ತ, ಒಂದೂವರೆ ಕುದುರೆಯ ಗಾಡಿ ಅಂತ ನಾನು ತಮಾಷೆ ಮಾಡುವುದುಂಟು. ಒಂದು ಕುದುರೆಗೆ ಧಾರಾಳ, ಎರಡಕ್ಕೆ ಇಕ್ಕಟ್ಟು.

ಎರಡು ಕುದುರೆ ಖಾಯಂ ಒಯ್ಯುವವರು ಟೊಯೊಟಾ ಲ್ಯಾಂಡ್ ಕ್ರೂಸರ್, ಲ್ಯಾಂಡ್ ರೋವರ್ ಡಿಫೆಂಡರ್, ಟೂರೆಗ್ ಈ ವರ್ಗಕ್ಕೆ ಬರಬೇಕು. ಇವುಗಳಲ್ಲಿ ಬಹುಪಾಲು ಮಾದರಿಗಳ ಮಿತಿ 3,500 ಕಿಲೋ, ಯುರೋಪಿನಲ್ಲಿ ಒತ್ತಡದ ಬ್ರೇಕಿನ ಟ್ರೇಲರ್‌ಗೆ ಇರುವ ಮೇಲ್ಮಿತಿಯೂ ಅಷ್ಟೇ. ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಬೇರೆ ಇರುವ ಗಾಡಿಯೇ ಬೇಕು ಅಂತ ಹಠ ಹಿಡಿಯುವವರಿದ್ದಾರೆ. ಈಗಿನ ಡಿಫೆಂಡರಿಗೂ ಟೂರೆಗ್‌ಗೂ ಬೇರೆ ಚಾಸಿ ಇಲ್ಲ, ಆದರೂ ಮಿತಿ ಅಷ್ಟಿದೆ. ಹಾಗಾಗಿ ಅದೊಂದನ್ನೇ ಹಿಡಿದು ಕೂರಬೇಡಿ.

ಮೂರು ಕುದುರೆ ಅಥವಾ ಮಲಗುವ ಕೋಣೆ ಇರುವ ಟ್ರೇಲರ್ ಆದರೆ ದೊಡ್ಡ ಪಿಕಪ್ಪೇ ಗತಿ. ಅಲ್ಲಿ ಗೂಸ್‌ನೆಕ್ ಮಾದರಿ ಬರುತ್ತದೆ, ಟ್ರೇಲರಿನ ಕತ್ತು ಪಿಕಪ್ಪಿನ ತೊಟ್ಟಿಯ ಮಧ್ಯಕ್ಕೆ, ಹಿಂದಿನ ಆಕ್ಸಲಿನ ನೇರಕ್ಕೆ ಕೂರುತ್ತದೆ. ಮುಂದಿನ ಚಕ್ರ ಮೇಲೇಳುವ ಸಮಸ್ಯೆ ಅಲ್ಲಿಗೆ ಮುಗಿಯಿತು, ಓಲಾಟವೂ ಕಡಿಮೆ. ಆದರೆ ಟ್ರೇಲರ್ ತೂಕದ ನೂರಕ್ಕೆ 20–25 ಪಿಕಪ್ಪಿನ ಮೇಲೆ ಬೀಳುತ್ತದೆ, ಮತ್ತೆ ಹೊರುವ ಮಿತಿಯ ಲೆಕ್ಕಕ್ಕೇ ಬಂದೆವು.

ವಿದ್ಯುತ್ ಗಾಡಿಗಳ ಬಗ್ಗೆ ಕೇಳುವವರು ಹೆಚ್ಚುತ್ತಿದ್ದಾರೆ. ಟೆಸ್ಲಾ ಮಾಡೆಲ್ ವೈ ಗಾಡಿಯ ಮಿತಿ 1,600 ಕಿಲೋ, ರಿವಿಯನ್ ಆರ್1ಟಿ ಪಿಕಪ್ಪಿನದು 11,000 ಪೌಂಡ್, ಅಂದರೆ ಸುಮಾರು 4,990 ಕಿಲೋ. ಎಳೆಯುವುದರಲ್ಲಿ ಅವಕ್ಕೆ ಸಾಟಿ ಇಲ್ಲ, ಝಟಕಾ ಇಲ್ಲ, ಬ್ಯಾಟರಿ ಕೆಳಗಿರುವುದರಿಂದ ನೆಲಕ್ಕೆ ಕಚ್ಚಿ ನಿಲ್ಲುತ್ತವೆ, ಕುದುರೆಗಳಿಗೆ ಸದ್ದೂ ಇಲ್ಲ. ತೊಂದರೆ ಚಾರ್ಜಿಂಗಿನದು. ಎತ್ತರದ ಟ್ರೇಲರ್ ಗಾಳಿಗೆ ಅಡ್ಡ ನಿಂತು, ಒಂದೇ ಚಾರ್ಜಿನಲ್ಲಿ ಹೋಗುವ ದೂರ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಹೆಚ್ಚಿನ ಚಾರ್ಜಿಂಗ್ ಜಾಗಗಳಲ್ಲಿ ಟ್ರೇಲರ್ ಸಮೇತ ನಿಲ್ಲಲು ಸ್ಥಳವಿಲ್ಲ, ಬಿಚ್ಚಬೇಕು. ದೋಣಿಯನ್ನು ಬಿಚ್ಚಿ ಪಕ್ಕಕ್ಕೆ ಇಡಬಹುದು. ಒಳಗೆ ಕುದುರೆ ನಿಂತಿರುವ ಟ್ರೇಲರನ್ನು ಬಿಚ್ಚುವ ಹಾಗಿಲ್ಲ, ರಸ್ತೆ ಬದಿಯಲ್ಲಿ ಕುದುರೆ ಇಳಿಸುವ ಹಾಗೆ ಮೊದಲೇ ಇಲ್ಲ. ಹೋಗಿಬರುವ ದೂರ ಒಂದೇ ಚಾರ್ಜಿನಲ್ಲಿ ಮುಗಿಯುವುದಾದರೆ ಖಂಡಿತ ತಗೊಳ್ಳಿ, ಇಲ್ಲದಿದ್ದರೆ ಇನ್ನೂ ಸ್ವಲ್ಪ ಕಾಯಿರಿ.

ಹಂತ 9: ಹಳೆ ಗಾಡಿ ಕೊಳ್ಳುವುದಾದರೆ

ಕೆಳಗೆ ಬಗ್ಗಿ ನೋಡಿ. ಟೋ ಬಾರಿನ ಬೋಲ್ಟುಗಳ ಸುತ್ತ ಬಿರುಕು, ತುಕ್ಕು ಇದೆಯೇ? ಟೋ ಬಾಲ್ ಒಂದು ಕಡೆ ಸವೆದು ಹೊಳೆಯುತ್ತಿದೆಯೇ? ಯುರೋಪಿನಲ್ಲಿ ಬಾಲಿನ ಅಳತೆ 50 ಮಿ.ಮೀ., ಅಮೆರಿಕದಲ್ಲಿ ಎರಡು ಇಂಚಿನದೂ 2 5/16 ಇಂಚಿನದೂ ಓಡುತ್ತವೆ. 50 ಮಿ.ಮೀ. ಮತ್ತು ಎರಡು ಇಂಚು ಒಂದೇ ಅಂತ ಹೇಳುವವರ ಮಾತು ಕೇಳಬೇಡಿ, ನಡುವೆ 0.8 ಮಿ.ಮೀ. ವ್ಯತ್ಯಾಸವಿದೆ. ಗೇರ್‌ಬಾಕ್ಸಿನ ಎಣ್ಣೆಯ ಕಡ್ಡಿ ಇದ್ದರೆ ಎಳೆದು ಮೂಸಿ. ಸೀದ ವಾಸನೆ, ಕಂದು ಬಣ್ಣ ಬಂದರೆ ಅದು ಮಿತಿ ಮೀರಿ ಎಳೆದ ಗಾಡಿ, ಬಿಟ್ಟುಬಿಡಿ. ಟ್ರೇಲರಿನ ದೀಪಗಳ ಸಾಕೆಟ್ಟಿನಲ್ಲಿ ಎಷ್ಟು ಪಿನ್ ಇವೆ, ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಟೈರಿನ ಪಕ್ಕದಲ್ಲಿ ಬರೆದ ಭಾರದ ಸೂಚ್ಯಂಕ ಗಾಡಿಯ ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆಯಿದ್ದರೆ ಹೊಸ ಟೈರಿನ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಹಂತ 10: ಕಟ್ಟಿ ನೋಡಿ

ಮಾರುವವರು ಒಪ್ಪಿದರೆ ನಿಮ್ಮ ಟ್ರೇಲರನ್ನೇ ಕಟ್ಟಿ, ಮೊದಲು ಕುದುರೆ ಇಲ್ಲದೆ ಮರಳ ಚೀಲ ಹಾಕಿ ಓಡಿಸಿ. ಮೊದಲು ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಹೋಗಿ. ಜನ ಕೂತ ಗಾಡಿ ಮಾತ್ರ ಒಮ್ಮೆ, ಟ್ರೇಲರ್ ಕಟ್ಟಿದ ಮೇಲೆ ಗಾಡಿಯ ಚಕ್ರಗಳು ಮಾತ್ರ ತಟ್ಟೆಯ ಮೇಲೆ ಇನ್ನೊಮ್ಮೆ, ಆಮೇಲೆ ಟ್ರೇಲರಿನ ಚಕ್ರಗಳು ಮಾತ್ರ. ಮೊದಲೆರಡರ ವ್ಯತ್ಯಾಸ ಕೊಂಡಿಯ ಭಾರ, ಕೊನೆಯ ಎರಡರ ಮೊತ್ತ ಜೋಡಿಯ ಒಟ್ಟು ತೂಕ. ಕಾಗದದ ಮೇಲೆ ಹಾಕಿದ್ದ ಲೆಕ್ಕ ಎಷ್ಟು ತಪ್ಪಿತ್ತು ಅಂತ ಇಲ್ಲಿ ಗೊತ್ತಾಗುತ್ತದೆ, ನನ್ನದು ಒಮ್ಮೆ 90 ಕಿಲೋ ತಪ್ಪಿತ್ತು. ಹುಡುಕಿದರೆ ಟ್ರೇಲರಿನ ನೆಲಹಾಸಿನ ಕೆಳಗೆ ಯಾರೋ ಇನ್ನೊಂದು ಪದರ ರಬ್ಬರ್ ಹಾಸಿದ್ದರು.

ಆಮೇಲೆ ಏರಿನಲ್ಲಿ ನಿಲ್ಲಿಸಿ ಹೊರಡಿ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಕೆಳಗಿನ ಗೇರಿನಲ್ಲಿ ಇಳಿಯಿರಿ, ವೇಗ ತಾನಾಗಿ ಏರುತ್ತಾ ಹೋದರೆ ಎಂಜಿನ್ ಹಿಡಿಯುತ್ತಿಲ್ಲ ಎಂದರ್ಥ. ಹಿಂದಕ್ಕೆ ತೆಗೆಯಿರಿ, ಕನ್ನಡಿಯಲ್ಲಿ ಟ್ರೇಲರಿನ ಎರಡೂ ಅಂಚು ಕಾಣಬೇಕು, ಇಲ್ಲವಾದರೆ ಚಾಚು ಕನ್ನಡಿ ಬೇಕು. ಅರ್ಧ ಗಂಟೆಯ ನಂತರ ಕಾವಿನ ಮುಳ್ಳು ಎಲ್ಲಿದೆ ನೋಡಿ.

ಕೊನೆಯ ಸುತ್ತಿಗೆ, ಟ್ರೇಲರಿಗೆ ಒಗ್ಗಿದ ಶಾಂತ ಸ್ವಭಾವದ ಕುದುರೆಯೊಂದನ್ನು ಹತ್ತಿಸಿ ಇಪ್ಪತ್ತು ನಿಮಿಷ ಹೋಗಿಬನ್ನಿ. ಹಿಂದಿರುಗಿ ಹಿಂಬಾಗಿಲು ಇಳಿಸುವ ಮುನ್ನ ಪಕ್ಕದ ಕಿಂಡಿಯಿಂದ ಇಣುಕಿ. ಕತ್ತು, ಪಕ್ಕೆ ಒದ್ದೆಯಾಗಿವೆಯೇ, ಕಾಲು ಅಗಲಿಸಿ ಗೋಡೆಗೆ ಒರಗಿ ನಿಂತಿದೆಯೇ, ಬಲೆಯ ಹುಲ್ಲು ಮುಟ್ಟದೆ ಹಾಗೇ ಇದೆಯೇ? ಹಾಗಿದ್ದರೆ ಗಾಡಿಯ ಕೀಲಿ ವಾಪಸ್ ಕೊಡುವ ಮೊದಲು ಇನ್ನೊಂದು ಸುತ್ತು, ಬೇರೆಯವರ ಕೈಲಿ ಓಡಿಸಿ ನೋಡಿ. ತಪ್ಪು ಗಾಡಿಯದೋ ನಿಮ್ಮ ಕಾಲಿನದೋ ತಿಳಿಯುತ್ತದೆ. ಒಳಗಿನಿಂದ ಹುಲ್ಲು ಜಗಿಯುವ ಸದ್ದು ಕೇಳುತ್ತಿದ್ದರೆ ಬೆಲೆಯ ಮಾತು ಶುರುಮಾಡಬಹುದು.